ಎಡಗಾಲಿನ ಬೂಟು

“ಬಲಗಾಲಿಂದು ಇದೆ. ಎಡಗಾಲಿಂದು ಎಲ್ಲಿ?”

ಪಕ್ಕದ ಮನೆಯ ದರ್ಜಿ ಹೆಂಗಸಿನ ಕೂಗು ಕೇಳಿ, ಅಂಚೆಯವನಾಗಿ ನಿವೃತ್ತರಾದ ಅಂಚೆ ತಾತ ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿದರು. ದೇವರ ಕ್ಷಮೆ ಕೇಳಿ, ಕನ್ನಡಕ ಏರಿಸಿ ಹೊರಟರು.

ಎಂಟು ಗಂಟೆಗೆ ಉದ್ಯಾನದಲ್ಲಿ ನಡಿಗೆ. ಮನೆಯ ರೋಗಿಯನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರಿಗಾಗಿ. ನಡೆದ ಪ್ರತಿ ಸುತ್ತಿಗೂ ಊರಿನವರು ಹಣ ಕೊಡುತ್ತಾರೆ. ಅದರಿಂದ ಅಂಥ ಮನೆಗಳಿಗೆ ವಾರಕ್ಕೊಂದು ದಿನ ದಾದಿ ಬರುತ್ತಾಳೆ. ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದ ಈ ದರ್ಜಿ ಹೆಂಗಸಿಗೆ ಆ ಒಂದು ದಿನ ಬೇಕೇ ಬೇಕಿತ್ತು. ಹತ್ತು ಸುತ್ತು ನಡೆಯುವೆನೆಂದು ಹೆಸರು ಕೊಟ್ಟಿದ್ದಳು. ಈಗ ಗಂಟೆ ಏಳೂವರೆ.

ತಾತ ಅತ್ತೆಯ ಕೋಣೆಯ ಹೊಸ್ತಿಲಿಗೆ ಬಂದು ನಿಂತರು. ಬಾಗಿಲ ಬಳಿ ಒಂಟಿ ಬೂಟು. ಅತ್ತೆಯ ಬೆನ್ನಿಗೆ ಹಚ್ಚುವಾಗ ಚೆಲ್ಲಿದ ಪೌಡರ್ ನೆಲದ ತುಂಬ.

“ಇವತ್ತು ಅಮ್ಮನ್ನ ನೋಡ್ಕೊಳ್ಳೋ ಸರದಿ ನಿಂದು ತಾನೇ?” ಮುದುಕಿಯ ಮಗನನ್ನು, ಅಂದರೆ ದರ್ಜಿಯ ಗಂಡನನ್ನು, ಕೇಳಿದರು. “ಹೆದರಿ ಬಚ್ಚಿಟ್ಯಾ?”

“ಹೆದರಿದ್ದು ನಿಜ ತಾತ. ಬಚ್ಚಿಟ್ಟಿಲ್ಲ!” ಅಂಗೈ ಚಾಚಿದ. ಮಾತ್ರೆಗಳ ವೇಳೆ ಮೊಣಕೈವರೆಗೂ ಬರೆದಿತ್ತು.

ತಪ್ಪಿಸಿಕೊಳ್ಳುವವನು ಇಷ್ಟು ಬರೆದುಕೊಳ್ಳುತ್ತಾನೆಯೇ?

“ಬೆಳಿಗ್ಗೆ ಯಾರು ಬಂದಿದ್ರು?”

“ಎದುರುಮನೆ ಬೇಕರಿಯಮ್ಮ. ಪಿನ್ನು ಕೇಳೋಕೆ. ಹನ್ನೊಂದು ಸುತ್ತು ಹಾಕ್ತೀನಿ ಅಂತ ಜಂಬ ಬೇರೆ!”

ಬೇಕರಿಯಮ್ಮ ಹೊಸ್ತಿಲಲ್ಲೇ ಪ್ರತ್ಯಕ್ಷಳಾದಳು. “ನಾನಾ? ಅವಳ ಬೂಟು ನನ್ನ ಹೆಬ್ಬೆರಳಿಗೂ ಸಾಲಲ್ಲ! ಕದಿಯೋಳು ಒಂದೇ ಯಾಕೆ ಕದೀಲಿ?”

ತಾತ ನಿಂತುಬಿಟ್ಟರು. ಒಂದೇ ಯಾಕೆ?

“ಕಾಲ ಕೆಟ್ಟೋಯ್ತು ಅಂಚೆಯಪ್ಪ,” ಹಾಸಿಗೆಯಿಂದ ಅತ್ತೆ ನಿಟ್ಟುಸಿರಿಟ್ಟು ಸೊಸೆಯತ್ತ ತಿರುಗಿದಳು. “ಹೋಗ್ಲಿ ಬಿಡೇ, ಮನೇಲೇ ಇರು.”

“ಅಕ್ಕಾ, ದಿಂಬು ಎತ್ತಿ,” ಅಂದರು ತಾತ.

“ಎತ್ತಲ್ಲ.”

“ಪೌಡರ್ ಮೇಲೆ ಹೆಜ್ಜೆ ಗುರುತಿಲ್ಲ. ಬಾಗಿಲಿಂದ ಮಂಚಕ್ಕೆ ಒಂದೇ ಗೀರು. ನೀವು ಗೋಡೆ ಬಡಿದು ಸೊಸೇನ ಕರೆಯೋ ಕೋಲಿನ ಕೊಕ್ಕೆ ಬೆಳ್ಳಗಾಗಿದೆ. ಹತ್ತಿರದ ಬೂಟನ್ನ ಎಳ್ಕೊಂಡ್ರಿ. ಇನ್ನೊಂದಕ್ಕೆ ಕೋಲು ಎಟುಕಲಿಲ್ಲ. ಕಳ್ಳಿ ನೀವೇ!”

ದಿಂಬಿನಡಿಯಿಂದ ಬೂಟು ಬಂತು.

“ಅತ್ತೆ! ಯಾಕೆ?”

ಮುದುಕಿ ಗೋಡೆಗೆ ಮುಖ ತಿರುಗಿಸಿದಳು. “ಹೊರಗಿನ ಗಾಳಿ ರುಚಿ ಹತ್ತಿ, ನೀನು ತಿರುಗಿ ಬರದಿದ್ರೆ?”

ತಾತ ಕನ್ನಡಕ ತೆಗೆದು ಒರೆಸಿದರು. “ನನ್ನಾಕೆಯೂ ಕೊನೇ ವರ್ಷ ನನ್ನ ಕನ್ನಡಕ ಬಚ್ಚಿಡ್ತಿದ್ಲು, ನಾನೆಲ್ಲೂ ಹೋಗದಿರ್ಲಿ ಅಂತ. ಎಷ್ಟು ಬೈದಿದ್ದೆ! ಈಗ ಅದು ಇಟ್ಟ ಜಾಗದಲ್ಲೇ ಇರುತ್ತೆ.”

ಸೊಸೆ ಬೂಟು ಕಟ್ಟಿಕೊಂಡಳು. ಮೂಲೆಯ ಗಾಲಿಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದಳು.

“ಏಳಿ. ನಿಮ್ಮನ್ನ ತಳ್ಕೊಂಡೇ ಹೋಗ್ತೀನಿ.”

“ಹಾಗಾದ್ರೆ ನಾನು ಕೈ ತೊಳ್ಕೋಬಹುದಾ?” ಮಗ ಆಸೆಯಿಂದ ಕೇಳಿದ.

“ತೊಳೀಬೇಡ. ಜೊತೆಗೆ ಬಾ, ಮಾತ್ರೆ ಕೊಡು.”

ಕುರ್ಚಿಯಲ್ಲಿ ಕೂತು ಅತ್ತೆ ಸೆರಗು ಸರಿಮಾಡಿಕೊಂಡಳು. “ಆ ಬೇಕರಿಯವಳು ಎಷ್ಟು ಸುತ್ತು ಅಂದ್ಲು?”

“ಹನ್ನೊಂದು.”

“ಹನ್ನೆರಡು ತಳ್ಳು.”