ಎಡದಂಡೆಯ ಮೂರು ಸಾಕ್ಷಿಗಳು

ಕಡತ ಹೆಣವಾಗಿ ತೇಲಿದ್ದು ತೇಪೆಯಣ್ಣನ ತೊಟ್ಟಿಯಲ್ಲೇ. "ಇಷ್ಟು ದೊಡ್ಡ ಲಾಡ್ಜಿನಲ್ಲಿ ಕಾಗದ ಮುಳುಗಿಸೋಕೆ ನನ್ನ ತೊಟ್ಟಿಯೇ ಬೇಕಿತ್ತಾ?" ಎಂದು ಅವನು ಆಮೇಲೆ ಎಷ್ಟು ಸಲ ಗೊಣಗಿದನೋ ಅವನಿಗೇ ಗೊತ್ತಿಲ್ಲ. ಲಾಡ್ಜು ದೊಡ್ಡದೇನಲ್ಲ. ಆರು ಕೋಣೆ, ಒಂದು ಊಟದ ಹಜಾರ, ಹಿಂದೆ ರಾಫ್ಟುಗಳ ಶೆಡ್ಡು, ಅಷ್ಟೇ. ಆದರೆ ಸಿಟ್ಟು ಬಂದಾಗ ತೇಪೆಯಣ್ಣನಿಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತಿತ್ತು.

ಗಾಳಿ ತುಂಬಿದ ರಾಫ್ಟನ್ನು ತೊಟ್ಟಿಯಲ್ಲಿ ಅದ್ದುವುದು, ಗುಳ್ಳೆ ಏಳುವ ಜಾಗ ಹುಡುಕಿ ತೇಪೆ ಅಂಟಿಸುವುದು, ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಇದೇ. ಎರಡು ವರ್ಷದ ಹಿಂದೆ ಬಂದ ನೆರೆಯಲ್ಲಿ ನದಿ ದಾರಿ ಬದಲಿಸಿತು. ಮೂರು ಮೈಲಿ ಆಚೆ ತನ್ನ ಪಾಡಿಗೆ ತಾನು ಹರಿಯತೊಡಗಿತು. ಲಾಡ್ಜಿನ ಜಗಲಿಯ ಮುಂದೆ ಉಳಿದದ್ದು ಬರೀ ಬೆಳ್ಳನೆಯ ಗುಂಡುಕಲ್ಲು. ರಾಫ್ಟೂ ಇಲ್ಲ, ತೂತೂ ಇಲ್ಲ. ಆದರೂ ಅವನು ದಿನಾ ಬೆಳಿಗ್ಗೆ ತೊಟ್ಟಿಯ ನೀರು ಬದಲಿಸುತ್ತಿದ್ದ. ಮಾಡೋಕೆ ಬೇರೆ ಏನಿತ್ತು ಹೇಳಿ?

ಆ ಬೆಳಿಗ್ಗೆ ನೀರಿನ ಮೇಲೆ ಬೂದು ಬಣ್ಣದ ಮುದ್ದೆ ತೇಲುತ್ತಿತ್ತು. ಪಕ್ಕದಲ್ಲೊಂದು ರಟ್ಟು, ಅದರ ನೀಲಿ ಲಾಡಿ ಬಿಚ್ಚಿಕೊಂಡಿತ್ತು. ನೀಲಿ ಲಾಡಿ ಕಂಡದ್ದೇ ತೇಪೆಯಣ್ಣನಿಗೆ ಗುರುತು ಸಿಕ್ಕಿತು. "ಅಯ್ಯೋ, ಮಗಳ ಕಡತ!" ಎಂದು ಕೂಗುತ್ತಾ ಓಡಿದ. ಅಂಗಳದ ತಂತಿಯ ಮೇಲೆ ಒಣಹಾಕಿದ್ದ ಒದ್ದೆ ಪ್ಲಾಸ್ಟಿಕ್ ಕವರೊಂದು ಪಟ್ಟೆಂದು ಮುಖಕ್ಕೆ ಬಡಿಯಿತು. ಅದಕ್ಕೂ ಒಂದು ಬೈಗುಳ ಕೊಟ್ಟು, ತಲೆ ತಗ್ಗಿಸಿ ಒಳಗೆ ನುಗ್ಗಿದ.

ಮಗಳು ಅಂದರೆ ಲಾಡ್ಜು ಕಟ್ಟಿದ ದೊಡ್ಡವರ ಒಬ್ಬಳೇ ಮಗಳು. ದೊಡ್ಡವರು ಹೋಗಿ ಒಂದು ವರ್ಷವಾಗಿತ್ತು. ಕಲ್ಲುಗಳ ಕಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟಿದ್ದರು. ಈ ತಿಂಗಳ ಕೊನೆಗೆ ಲಾಡ್ಜಿಗೂ ಬೀಗ. ಅವರ ತಮ್ಮ, ಎಲ್ಲರೂ ಚಿಕ್ಕಪ್ಪ ಅನ್ನುವವನು, ಜಾಗವನ್ನು ಜಲ್ಲಿ ಯಂತ್ರದವರಿಗೆ ಒಪ್ಪಿಸಿಯಾಗಿತ್ತು. ಕಟ್ಟಡ ಉಳಿಯುವುದಿಲ್ಲ ಅಂತ ಗೊತ್ತಾದ ದಿನ ಮಗಳು ಕಂಪ್ಯೂಟರ್ ಮುಂದೆ ಕೂತು, ಎಲ್ಲರೂ ಓದುವ ಆ ದೊಡ್ಡ ವಿಶ್ವಕೋಶದಲ್ಲಿ ಅಪ್ಪನ ಲಾಡ್ಜಿನ ಬಗ್ಗೆ ಒಂದು ಪುಟ ಬರೆದಳು. "ಇಂಥದ್ದೊಂದು ಇತ್ತು, ಇಂಥವರೊಬ್ಬರು ಇದ್ದರು ಅಂತ ಒಂದು ಕಡೆಯಾದರೂ ಇರಲಿ" ಅನ್ನುವುದು ಅವಳ ಆಸೆ. ಬೇರೇನೂ ಅಲ್ಲ.

ನಾಲ್ಕೇ ದಿನದಲ್ಲಿ ಯಾರೋ ಆಕ್ಷೇಪ ಎತ್ತಿದರು. ಇಷ್ಟು ಚಿಕ್ಕ ಲಾಡ್ಜಿಗೆ ವಿಶ್ವಕೋಶದಲ್ಲಿ ಜಾಗ ಯಾಕೆ? ಅಲ್ಲಿಯ ನಿಯಮ ಸರಳ. ನಿಮಗೆ ಸಂಬಂಧವಿಲ್ಲದ ಹೊರಗಿನವರು ನಿಮ್ಮ ಬಗ್ಗೆ ಬರೆದಿರಬೇಕು. ಬರೆದಿದ್ದರೆ ಪುಟ ಉಳಿಯುತ್ತದೆ, ಇಲ್ಲವಾದರೆ ಅಳಿಯುತ್ತದೆ. ಏಳು ದಿನ ಚರ್ಚೆ, ಕಂಡವರೆಲ್ಲ "ಉಳಿಸಿ" ಇಲ್ಲವೇ "ಅಳಿಸಿ" ಅಂತ ಬರೆಯಬಹುದು. ಮಗಳ ಹತ್ತಿರ ಅಪ್ಪ ಜೋಪಾನವಾಗಿಟ್ಟಿದ್ದ ಮೂರು ಹಳೆಯ ಲೇಖನಗಳಿದ್ದವು, ಯಾವತ್ತೋ ಮುಚ್ಚಿಹೋದ ಮೂರು ಬೇರೆ ಬೇರೆ ಪತ್ರಿಕೆಗಳವು. ಅವುಗಳ ಫೋಟೊ ತೆಗೆದು ಹಾಕಿದರೆ ಮುಗಿಯಿತು. ಚರ್ಚೆ ಮುಗಿಯುವುದು ಅವತ್ತು ಸಂಜೆ ಐದಕ್ಕೆ.

ಮಗಳು ತೊಟ್ಟಿಗೆ ಕೈ ಹಾಕಿ ಮುದ್ದೆಯನ್ನು ಎತ್ತಿದಳು. ಅದು ಬೆರಳ ಸಂದಿಯಿಂದ ಜಾರಿ ಮತ್ತೆ ನೀರಿಗೆ ಬಿತ್ತು. ಅವಳು ಅಳಲಿಲ್ಲ. ನೆಟ್ಟಗೆ ಆರನೇ ಕೋಣೆಗೆ ಹೋಗಿ ಬಾಗಿಲು ಬಡಿದಳು.

ಆರನೇ ಕೋಣೆಯಲ್ಲಿ ನಕ್ಷೆಯಮ್ಮ ಇದ್ದರು. ನಕ್ಷೆ ಕಚೇರಿಯಲ್ಲಿ ಮೂವತ್ತು ವರ್ಷ ಗೆರೆ ಎಳೆದು ನಿವೃತ್ತರಾಗಿ, ಒಂದು ವಾರಕ್ಕೆಂದು ಬಂದವರು ಒಂಬತ್ತು ವರ್ಷದಿಂದ ಇಲ್ಲೇ. ಪ್ರವಾಸಿಗರ ಕೈಗಡಿಯಾರ ಯಾರು ಕದ್ದರು, ರಾಫ್ಟಿಗೆ ಮೊಳೆ ಯಾರು ಚುಚ್ಚಿದರು, ಎಲ್ಲ ಪತ್ತೆ ಮಾಡಿದ್ದು ಅವರೇ. ಪ್ರತಿ ಸಲವೂ ಟಾರ್ಚು ಹಿಡಿದು ಹಿಂದೆ ನಿಂತದ್ದು ತೇಪೆಯಣ್ಣ. ಅದಕ್ಕವನಿಗೆ ಒಳಗೊಳಗೇ ಹೆಮ್ಮೆ.

"ಯಾರು ಮಾಡಿದ್ದು ಅಂತ ನನಗೆ ಗೊತ್ತಾಗಬೇಕು. ಪುಟ ಹೋದರೂ ಪರವಾಗಿಲ್ಲ, ಇದು ಗೊತ್ತಾಗಲೇಬೇಕು" ಅಂದಳು ಮಗಳು.

"ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರೋಕೆ ಆಗಲ್ಲ ಮರಿ."

"ಚಿಕ್ಕಪ್ಪಾನೇ ಇರಬೇಕು. ಈ ಪುಟದ ವಿಷಯ ಎತ್ತಿದರೆ ಸಾಕು, ಮೂಗು ಮುರಿಯುತ್ತಾರೆ. ಈಗ ನೋಡಿದೆ, ಅಂಗಿಯ ತೋಳು ಮೊಣಕೈವರೆಗೂ ಒದ್ದೆ."

ನಕ್ಷೆಯಮ್ಮ ತೊಟ್ಟಿಯ ಸುತ್ತ ಎರಡು ಸುತ್ತು ಬಂದರು. ಕೋಲಿನಿಂದ ಮುದ್ದೆಯನ್ನು ಕದಡಿ ತಳ ನೋಡಿದರು. "ಲೇಖನಗಳು ಹಾಗೇ ಇದ್ದವಾ?"

"ಇಲ್ಲ, ಒಂದೊಂದೂ ಪ್ಲಾಸ್ಟಿಕ್ ಕವರಿನೊಳಗೆ. ಜೊತೆಗೆ ಅಪ್ಪ ಹುಟ್ಟು ಹಿಡಿದಿರೋ ಫೋಟೊ ಒಂದು."

"ಇಲ್ಲಿ ಕವರೂ ಇಲ್ಲ, ಫೋಟೊನೂ ಇಲ್ಲ" ಅಂದರು ನಕ್ಷೆಯಮ್ಮ. ತೇಪೆಯಣ್ಣನ ಕೆನ್ನೆ ಯಾಕೋ ತಣ್ಣಗಾಯಿತು. ಆದರೆ ಯಾಕೆ ಅಂತ ಅವನಿಗೆ ಹೊಳೆಯಲಿಲ್ಲ.

ಆಮೇಲೆ ಅವರು ಮಗಳ ಪುಟವನ್ನು ತೆರೆಸಿ ಓದಿದರು. ಮೂರು ಲೇಖನಗಳಿಂದಲೂ ಒಂದೊಂದು ಸಾಲನ್ನು ಅವಳು ಅಲ್ಲಿ ಎತ್ತಿ ಬರೆದಿದ್ದಳು. 'ಒಬ್ಬ ಪ್ರವಾಸಿ' ಬರೆದದ್ದು: "ನದಿಯ ಎಡದಂಡೆಯಲ್ಲಿ ಈ ಪುಟ್ಟ ಲಾಡ್ಜು ನಮ್ಮನ್ನು ಕೈಬೀಸಿ ಕರೆಯಿತು." 'ಜಲಪ್ರೇಮಿ' ಬರೆದದ್ದು: "ಎಡದಂಡೆಯ ಈ ಸಾಹಸಿಗಳಿಗೆ ಸಾಟಿಯಿಲ್ಲ." 'ನಮ್ಮ ವಿಶೇಷ ಪ್ರತಿನಿಧಿ' ಕೂಡ ಎಡದಂಡೆಯಿಂದಲೇ ಶುರುಮಾಡಿದ್ದ. ಕೆಳಗೆ ಚರ್ಚೆಯಲ್ಲಿ ಹಿಂದಿನ ದಿನ ಯಾರೋ ಕೇಳಿದ್ದರು: "ಹಳೆಯ ನಕ್ಷೆಯ ಪ್ರಕಾರ ಆ ಜಾಗ ನದಿಯ ಬಲದಂಡೆಯಲ್ಲಿದೆ. ಮೂವರೂ ಎಡ ಅನ್ನುವುದು ಹೇಗೆ? ಮೂಲ ಪುಟಗಳ ಚಿತ್ರ ಹಾಕಿ."

"ಇದನ್ನ ನಿನ್ನೆ ಊಟದ ಹೊತ್ತಲ್ಲಿ ಓದಿ ಹೇಳಿದ್ದೆ ಅಲ್ವಾ?" ನಕ್ಷೆಯಮ್ಮ ಕೇಳಿದರು.

"ಹೌದು. ನಾವೆಲ್ಲ ನಕ್ಕೆವು. ಹುಟ್ಟಿದಾಗಿನಿಂದ ಎಡದಂಡೆ ಅಂತಲೇ ಅಂತೀವಿ, ಇವರ್ಯಾರೋ ಹೇಳೋಕೆ ಬಂದರು ಅಂತ. ನೀವೂ ಇದ್ದಿರಲ್ಲ."

"ನಾನು ನಗಲಿಲ್ಲ. ಇನ್ನೊಬ್ಬರೂ ನಗಲಿಲ್ಲ" ಅಂದರು ಅವರು. ಮುಖ ಸಪ್ಪಗಾಗಿತ್ತು. ಪತ್ತೆ ಹಚ್ಚಿದಾಗ ಅವರ ಕಣ್ಣಲ್ಲಿ ಮಿಂಚುವ ತುಂಟತನ ಅವತ್ತು ಕಾಣಲೇ ಇಲ್ಲ.

ನಾಲ್ಕು ಗಂಟೆಗೆ ಊಟದ ಹಜಾರದಲ್ಲಿ ಎಲ್ಲರನ್ನೂ ಸೇರಿಸಿದರು. ಎಲ್ಲರೂ ಅಂದರೆ ಯಾರು? ಮಗಳು, ಅವಳ ಅಮ್ಮ, ಚಿಕ್ಕಪ್ಪ, ತೇಪೆಯಣ್ಣ. ಲಾಡ್ಜಿನಲ್ಲಿ ಉಳಿದವರೇ ಅಷ್ಟು ಜನ. ಅಮ್ಮ ಚಹಾದ ಲೋಟಗಳನ್ನು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು.

"ಮೊದಲು ಚಿಕ್ಕಪ್ಪನ ತೋಳು" ಅಂದರು ನಕ್ಷೆಯಮ್ಮ. "ಶೆಡ್ಡಿನ ತಗಡಿನ ಮೇಲೆ ಒಂದು ಹಾಳೆ ಒಣಹಾಕಿದೆ, ಅಕ್ಷರ ಒಂದೂ ಉಳಿದಿಲ್ಲ. ಮುಳುಗಿಸೋನು ಒಣಹಾಕಲ್ಲ. ಇವರು ತೇಪೆಯಣ್ಣನಿಗಿಂತ ಮೊದಲೇ ನೋಡಿ ಉಳಿಸೋಕೆ ಕೈ ಹಾಕಿದ್ದಾರೆ."

"ಹೇಳೋಕೆ ನಾಚಿಕೆ ಆಯ್ತು. ಇಷ್ಟು ದಿನ ಗೇಲಿ ಮಾಡಿದ್ದೆನಲ್ಲ" ಅಂದ ಚಿಕ್ಕಪ್ಪ ತಲೆ ಎತ್ತಲಿಲ್ಲ.

"ಇನ್ನು ಕವರುಗಳು. ತೇಪೆಯಣ್ಣ, ಬೆಳಿಗ್ಗೆ ನಿನ್ನ ಮುಖಕ್ಕೆ ಏನೋ ಬಡೀತು ಅಂತ ಬೈತಿದ್ದೆಯಲ್ಲ?"

ತೇಪೆಯಣ್ಣನ ಕೆನ್ನೆಗೆ ಈಗ ನೆನಪಾಗಿತ್ತು. ತಂತಿಯ ಮೇಲೆ ಮೂರು ಕವರು, ತೊಳೆದು, ಕ್ಲಿಪ್ಪು ಹಾಕಿ, ಬಾಯಿ ಕೆಳಗೆ ಮಾಡಿ ನೇತುಹಾಕಿದ್ದವು. ಈ ಲಾಡ್ಜಿನಲ್ಲಿ ಒಂದು ಒಳ್ಳೆ ಕವರನ್ನೂ ಬಿಸಾಡದೆ ತೊಳೆದು ಒಣಹಾಕುವವರು ಒಬ್ಬರೇ. ಇದೇ ಹಜಾರದಲ್ಲಿ ಎಷ್ಟು ಸಲ ಅವನೇ ಅದನ್ನು ಆಡಿಕೊಂಡು ನಕ್ಕಿರಲಿಲ್ಲ!

"ಫೋಟೊ ಅವರ ದಿಂಬಿನ ಕೆಳಗಿದೆ ಅಂತ ನನ್ನ ಊಹೆ. ನಾನು ಹುಡುಕೋಕೆ ಹೋಗಲಿಲ್ಲ" ಅಂದರು ನಕ್ಷೆಯಮ್ಮ.

ಮಗಳು ಮೆಲ್ಲಗೆ ಮೂಲೆಯ ಕಡೆ ತಿರುಗಿದಳು. "ಅಮ್ಮಾ?"

ಅಮ್ಮ ನಕ್ಷೆಯಮ್ಮನನ್ನೇ ನೋಡುತ್ತಿದ್ದರು. "ಇಲ್ಲಿಗೇ ನಿಲ್ಲಿಸಿಬಿಡಿ. ನಾನೇ ಮಾಡಿದ್ದು, ಒಪ್ಪಿಕೊಂಡೆ. ಯಾಕೆ ಅನ್ನೋದು ಬೇಡ, ನಿಮ್ಮ ದಮ್ಮಯ್ಯ."

"ಯಾಕೆ ಅನ್ನೋದೇ ನನಗೆ ಬೇಕು!" ಮಗಳ ದನಿ ಒಡೆಯಿತು. "ಅಪ್ಪನ ಹೆಸರು ಉಳಿಯೋದು ನಿನಗೆ ಇಷ್ಟ ಇರಲಿಲ್ವಾ?"

ನಕ್ಷೆಯಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನದಿಗೆ ಎಡ ಬಲ ಹೇಳೋದು ನೀರು ಹರಿಯೋ ಕಡೆ ಮುಖ ಮಾಡಿ. ಹಾಗೆ ನೋಡಿದರೆ ಈ ಲಾಡ್ಜು ಇದ್ದದ್ದು ಬಲದಂಡೆಯಲ್ಲಿ. ದೊಡ್ಡವರು ರಾಫ್ಟಿಗೆ ಬರೋ ಮೊದಲು ದೋಣಿಗೆ ಹುಟ್ಟು ಹಾಕುತ್ತಿದ್ದವರು. ಹುಟ್ಟು ಹಾಕೋನು ಹೋಗೋ ಕಡೆಗೆ ಬೆನ್ನು ಮಾಡಿ ಕೂರುತ್ತಾನೆ. ಅವನ ಎಡಗೈ ಕಡೆ ಇರೋದು ನದಿಯ ಬಲದಂಡೆ. ಅದನ್ನೇ ಅವರು ಸಾಯೋವರೆಗೂ ಎಡದಂಡೆ ಅಂದರು."

ಅದು ತೇಪೆಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಸೇರಿದ ವಾರವೇ ದೊಡ್ಡವರು "ಎಡ!" ಅಂತ ಕೂಗಿದಾಗ ಇವನು ನಿಜವಾದ ಎಡಕ್ಕೆ ಎಳೆದು, ಬಂಡೆಗೆ ಹೊಡೆದು, ಗುಟುಕು ಗುಟುಕು ನೀರು ಕುಡಿದಿದ್ದ. ಅವತ್ತಿನಿಂದ ಅವನ ಎಡವೂ ತಿರುಗಿಬಿಟ್ಟಿತ್ತು. ಎಲ್ಲರದೂ ಅಷ್ಟೇ.

"ಈ ಭೂಮಿ ಮೇಲೆ ಆ ದಡವನ್ನ ಎಡ ಅನ್ನೋದು ಈ ಮನೆಯವರು ಮಾತ್ರ" ಅಂದರು ನಕ್ಷೆಯಮ್ಮ. "ಹೊರಗಿನಿಂದ ಬಂದ ಮೂವರು, ಬೇರೆ ಬೇರೆ ವರ್ಷ, ಬೇರೆ ಬೇರೆ ಪತ್ರಿಕೆ, ಮೂವರೂ ಅದೇ ತಪ್ಪು ಮಾಡೋಕೆ ಸಾಧ್ಯವಿಲ್ಲ. ಮೂರೂ ಒಂದೇ ಬಾಯಿಂದ ಬಂದದ್ದು."

ಅಮ್ಮನೇ ಮಾತಾಡಿದರು.

"ಬಾಯಿ ಅವರದು, ಕೈ ನನ್ನದು. ಅವರ ಅಕ್ಷರ ಕೋಳಿ ಕೆದಕಿದ ಹಾಗೆ ಇರ್ತಿತ್ತು, ಅದಕ್ಕೆ ನಾನು ಬರೆದುಕೊಟ್ಟೆ. ಮೊದಮೊದಲು ಪತ್ರಿಕೆಯವರನ್ನೆಲ್ಲ ಕರೀತಿದ್ದರು. ಬರ್ತೀವಿ ಅಂತಿದ್ದರು. ನಿಮ್ಮಪ್ಪ ಬೆಳಿಗ್ಗೆಯಿಂದ ಅಡುಗೆ ಮಾಡಿ, ಒಳ್ಳೆ ಅಂಗಿ ಹಾಕ್ಕೊಂಡು ಜಗಲಿ ಮೇಲೆ ಕೂತಿರೋರು. ಒಬ್ಬರೂ ಬರಲಿಲ್ಲ ಕಣೇ. ಒಂದು ವರ್ಷ ಅಲ್ಲ, ಹತ್ತು ವರ್ಷ ಒಬ್ಬರೂ ಬರಲಿಲ್ಲ. ಕೊನೆಗೆ ಒಂದಿನ, ನಾವೇ ಬರೆಯೋಣ ಬಾ ಅಂದರು. ಒಂದೊಂದು ಸಲ ಒಂದೊಂದು ಹೆಸರಲ್ಲಿ ಒಂದೊಂದು ಪತ್ರಿಕೆಗೆ ಕಳಿಸಿದೆವು, ಅಚ್ಚೂ ಆಯ್ತು. ಆಮೇಲೆ ಅದನ್ನ ಬಂದವರಿಗೆಲ್ಲ ಓದಿ ತೋರಿಸಿ ತೋರಿಸಿ, ಯಾರೋ ನಿಜವಾಗಿ ಬಂದು ಬರೆದರು ಅಂತ ಅವರೇ ನಂಬಿಬಿಟ್ಟಿದ್ದರು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ನಿನ್ನೆ ನೀನು ಆ ಪ್ರಶ್ನೆ ಓದಿದೆಯಲ್ಲ, ಇನ್ನು ಸಿಕ್ಕಿಬೀಳ್ತೀವಿ ಅಂತ ಗೊತ್ತಾಯ್ತು. ಪುರಾವೆ ಇಲ್ಲ ಅಂತ ಅಳಿಸಲಿ. ಅವರು ಸುಳ್ಳುಗಾರರು ಅಂತ ಅಳಿಸೋದು ಬೇಡ ಅನ್ನಿಸ್ತು."

ಚಿಕ್ಕಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಮಗಳು ನಕ್ಷೆಯಮ್ಮನ ಕಡೆ ತಿರುಗಿ ಕೇಳಿದಳು, "ಅಪ್ಪನ ಎಡದ ಕಥೆ ನಿಮಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತು? ನೀವು ಬರೋ ಹೊತ್ತಿಗೆ ಅವರು ಹುಟ್ಟು ಬಿಟ್ಟು ಎಷ್ಟೋ ವರ್ಷ ಆಗಿತ್ತು."

ನಕ್ಷೆಯಮ್ಮ ಮೇಜಿನ ಮೇಲಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನನ್ನ ಕಚೇರಿಗೆ ಬಂದಿದ್ದರು, ಇಪ್ಪತ್ತು ವರ್ಷದ ಹಿಂದೆ. ನಕ್ಷೆಯಲ್ಲಿ ಲಾಡ್ಜಿಗೆ ಒಂದು ಚುಕ್ಕೆ ಹಾಕಿ ಅಂತ. ಬೆರಳು ಬಲದಂಡೆ ಮೇಲಿಟ್ಟು ಎಡದಂಡೆ ಅಂದರು. ತಿದ್ದಿದೆ. ಹುಟ್ಟು ಹಾಕೋನಿಗೆ ಇದೇ ಎಡ ತಾಯಿ ಅಂತ ನಕ್ಕರು. ಹತ್ತು ಮನೆ ಇಲ್ಲದ ಜಾಗಕ್ಕೆ ಚುಕ್ಕೆ ಹಾಕೋ ನಿಯಮ ಇಲ್ಲ ಅಂತ ವಾಪಸ್ ಕಳಿಸಿದೆ. ನಿವೃತ್ತಿ ಆದ ಮೇಲೆ ಅದು ಮನಸ್ಸನ್ನ ಕೊರೀತಿತ್ತು. ನೋಡಿಕೊಂಡು ಹೋಗೋಣ ಅಂತ ಬಂದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ, ನಾನೂ ಹೇಳಲಿಲ್ಲ."

ಐದಕ್ಕೆ ಹತ್ತು ನಿಮಿಷ ಇತ್ತು. ಮಗಳು ಕಂಪ್ಯೂಟರ್ ಎಳೆದುಕೊಂಡಳು. "ಕಡತ ನೀರಲ್ಲಿ ಹೋಯ್ತು ಅಂತ ಬರೆದುಬಿಡು, ಅದು ಸುಳ್ಳೇನಲ್ಲ" ಅಂದ ಚಿಕ್ಕಪ್ಪ. ಅವಳು ಬೇಡವೆಂದು ತಲೆಯಾಡಿಸಿದಳು. ಒಂದೊಂದೇ ಅಕ್ಷರ ಒತ್ತಿ ಬರೆದದ್ದನ್ನು ತೇಪೆಯಣ್ಣ ಅವಳ ಭುಜದ ಮೇಲಿಂದ ಓದಿದ.

"ಈ ಲಾಡ್ಜಿನ ಬಗ್ಗೆ ಹೊರಗಿನವರು ಯಾರೂ, ಯಾವತ್ತೂ ಏನೂ ಬರೆದಿಲ್ಲ. ಅಳಿಸಿ."

ಅಮ್ಮ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಐದು ಹೊಡೆದು ಸ್ವಲ್ಪ ಹೊತ್ತಿಗೆ ಪುಟ ಮಾಯವಾಯಿತು. ಇಂಥ ಪುಟ ಇಲ್ಲ ಅನ್ನುವ ಒಂದು ಸಾಲು ಬಂತು, ಅಷ್ಟೇ. ಇಪ್ಪತ್ತೆರಡು ವರ್ಷ ತಾನು ಹಾಕಿದ ಅಷ್ಟೂ ತೇಪೆ ಒಟ್ಟಿಗೆ ಕಿತ್ತುಬಂದ ಹಾಗಾಯಿತು ತೇಪೆಯಣ್ಣನಿಗೆ. ಅಳು ಒತ್ತರಿಸಿ ಬಂತು. ಯಾರಿಗೂ ಕಾಣಬಾರದೆಂದು ತೊಟ್ಟಿಯ ಹತ್ತಿರ ಹೋದ.

ಅಲ್ಲಿ ನಕ್ಷೆಯಮ್ಮ ಮೊದಲೇ ನಿಂತಿದ್ದರು. ಅಂಗಳದಲ್ಲಿ ಅಮ್ಮ ತಂತಿಯಿಂದ ಒಣಗಿದ ಕವರುಗಳನ್ನು ತೆಗೆದು ಮಡಚುತ್ತಿದ್ದರು.

"ನಿಮ್ಮ ಹತ್ತಿರ ಹಳೇ ನಕ್ಷೆ ಇದೆಯಲ್ಲ, ದೊಡ್ಡದು" ಅಂದ ತೇಪೆಯಣ್ಣ, ಮೂಗು ಒರೆಸಿಕೊಳ್ಳುತ್ತಾ. "ಅದರಲ್ಲಿ ಈಗಲಾದರೂ ಒಂದು ಚುಕ್ಕೆ ಹಾಕಿಬಿಡಿ. ನಿಯಮ ಗಿಯಮ ಯಾರು ನೋಡ್ತಾರೆ?"

"ಮಧ್ಯಾಹ್ನ ಪೆನ್ಸಿಲ್ ತಗೊಂಡು ಕೂತಿದ್ದೆನಪ್ಪ." ಅವರು ಬೆಳ್ಳನೆಯ ಕಲ್ಲುಗಳ ಕಡೆ ನೋಡಿದರು. "ದಂಡೆ ಅನ್ನೋಕೆ ನದಿ ಬೇಕಲ್ಲ. ಯಾವುದರ ದಡದಲ್ಲಿ ಹಾಕಲಿ?"

ತೇಪೆಯಣ್ಣ ಬಗ್ಗಿ, ತೊಟ್ಟಿಯ ಬಿರಡೆ ಎಳೆದ.