ಎರಡೇ ರಿಂಗ್

ಮಂಗಳವಾರ ಬೆಳಿಗ್ಗೆ 11.20ಕ್ಕೆ ಆಸ್ಪತ್ರೆಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಆಂಬುಲೆನ್ಸ್ ನಂಬರಿಗೆ ಬಂದ ಕರೆಗಳೆಲ್ಲ 9.30ರಿಂದ ನಲವತ್ತು ನಿಮಿಷ, ಬೀಗ ಹಾಕಿದ ಉಗ್ರಾಣದ ಫೋನಿಗೆ ಹೋಗಿದ್ದವು. ಹದಿನೇಳು ಕರೆಗಳಲ್ಲಿ ಒಂದು, ಎದೆನೋವು ಬಂದ ಶಾಲಾ ಮೇಷ್ಟ್ರ ಮನೆಯದು. ತಡವಾಗಿ ತಂದಿದ್ದರಿಂದ ಮೇಷ್ಟ್ರಿಗಿನ್ನೂ ಪ್ರಜ್ಞೆ ಬಂದಿರಲಿಲ್ಲ.

ಎಫ್‌ಐಆರ್ ಬರೆಸಿ, ನೋಯುವ ಸೊಂಟ ಹಿಡಿದುಕೊಂಡೇ ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಕಂಪ್ಯೂಟರ್ ಕೇಸೆಂದರೆ ಅವರಿಗೆ ಕಬ್ಬಿಣದ ಕಡಲೆ.

"ಫೋನಿಗೂ ಕಂಪ್ಯೂಟರಿಗೂ ಏನಮ್ಮ ಸಂಬಂಧ?" ಎಂದು ಜೊತೆಗಿದ್ದ ಮಹಿಳಾ ಪೇದೆಯನ್ನು ಕೇಳಿದರು.

"ಈಗ ಎರಡೂ ಒಂದೇ ವೈರಲ್ಲಿ ಸಾರ್. ಒಂದು ಕಡೆ ನುಗ್ಗಿದ್ರೆ ಎಲ್ಲ ಕಡೆ ನುಗ್ಗಿದ ಹಾಗೆ. ಪಾಸ್‌ವರ್ಡ್ ಕೂಡ ಕಂಪನಿಯವರು ಮೊದಲು ಕೊಟ್ಟಿದ್ದೇ ಇತ್ತಂತೆ."

"ಈಗ ಬದಲಾಯಿಸಿಬಿಟ್ಟಿದ್ದೀವಿ," ಎಂದರು ಜೀಪಿನ ಹಿಂದಿನ ಸೀಟಿನಲ್ಲಿದ್ದ ಮ್ಯಾನೇಜರ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

"ಮುಂಚೆ ಯಾರಾದ್ರೂ ಎಚ್ಚರಿಸಿದ್ರಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಯಾರೂ ಇಲ್ಲ ಸಾರ್."

12.45ಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ ನಡೆಯಿತು. ಯಾರೋ ಲಾಬಿಯ ಫೋನಿನ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆಮೇಲೆ ನೀಟಾಗಿ ವಾಪಸ್ ಹಾಕಿದ್ದರು. 10.12ಕ್ಕೆ ಅದೇ ಫೋನಿನಿಂದ ಯಾರದೋ ಮನೆಗೆ ಕರೆ ಹೋಗಿತ್ತು. ಎರಡು ರಿಂಗ್, ಕಟ್.

ಆ ಮನೆಯಲ್ಲಿದ್ದಾಕೆ ಮುಚ್ಚುಮರೆ ಮಾಡಲಿಲ್ಲ. "ನಮ್ಮನೆಯವರು ಲೈನ್‌ಮನ್. ಇಪ್ಪತ್ತೆಂಟು ವರ್ಷ ಆಸ್ಪತ್ರೆ ಫೋನೆಲ್ಲ ಅವರೇ ನೋಡ್ಕೊಂಡಿದ್ದು. ಲೈನ್ ಸರಿ ಮಾಡಿದ ಮೇಲೆ ಮನೆಗೆ ಎರಡು ರಿಂಗ್ ಕೊಟ್ಟು ನೋಡ್ತಾರೆ. ಕೆಲಸ ಮುಗೀತು, ಬರ್ತಿದಾರೆ ಅಂತ ನಾನು ಅನ್ನಕ್ಕಿಡ್ತೀನಿ. ಇವತ್ತು ಇನ್ನೂ ಬಂದಿಲ್ಲ."

ಅವನು ಸಿಕ್ಕಿದ್ದು ಆಸ್ಪತ್ರೆಯಲ್ಲೇ, ಮೇಷ್ಟ್ರು ಮಲಗಿದ್ದ ಐಸಿಯು ಮುಂದಿನ ಬೆಂಚಿನ ಮೇಲೆ.

"ಯಾಕಯ್ಯಾ ಹೀಗ್ಮಾಡ್ದೆ?"

"ಹೊಸ ಲೈನಿಗೆ ಭದ್ರತೆ ಇಲ್ಲ ಅಂತ ಮೂರು ಸಲ ಬರೆದುಕೊಟ್ಟೆ ಸಾರ್. ಹಳೇಕಾಲದವನು ಅಂತ ನಕ್ಕರು. ಕರೆಗಳನ್ನ ಹತ್ತು ನಿಮಿಷ ಬೇರೆ ಕಡೆ ತಿರುಗಿಸಿ, ಮ್ಯಾನೇಜರಿಗೆ ತೋರಿಸಿ, ಸರಿ ಮಾಡೋಣ ಅಂದ್ಕೊಂಡೆ. ಅವರು ಮೀಟಿಂಗಲ್ಲಿದ್ರು. ಬಾಗಿಲಾಚೆ ಕಾಯಿಸಿದ್ರು. ಕಾದು ಕಾದು, ನಾನೇ ಹೋಗಿ ಸರಿ ಮಾಡ್ದೆ."

"ಕಾಯೋವಾಗ ಜೀವ ನೆನಪಾಗಲಿಲ್ವಾ?"

ಮೂರೂ ಪತ್ರ ಮ್ಯಾನೇಜರರ ಫೈಲಿನಲ್ಲೇ ಸಿಕ್ಕವು, ಮೇಲೆ ತಲುಪಿದ್ದಕ್ಕೆ ಅವರದೇ ಸಹಿ. ಅವನ್ನು ಓದಿ ಇನ್‌ಸ್ಪೆಕ್ಟರಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ; ಸುಸ್ತಾಯಿತು.

ಸಂಜೆ 5.10ಕ್ಕೆ ಬಂಧನ ದಾಖಲಾಯಿತು. ಮನೆಯವರಿಗೆ ತಿಳಿಸಲು ಠಾಣೆಯ ಫೋನನ್ನು ಅವನ ಮುಂದಿಟ್ಟರು. ಡಯಲ್ ಮಾಡಿದ. ಎರಡು ರಿಂಗ್ ಆಗುತ್ತಲೇ ಅವನ ಕೈ ತಾನಾಗಿ ಫೋನ್ ಕೆಳಗಿಟ್ಟಿತು.

"ಅಯ್ಯೋ," ಎಂದು ಮುಖ ಮುಚ್ಚಿಕೊಂಡ. "ಅನ್ನಕ್ಕಿಟ್ಟಿರ್ತಾಳೆ ಸಾರ್."

ಇನ್‌ಸ್ಪೆಕ್ಟರ್ ಫೋನ್ ತಮ್ಮ ಕಡೆಗೆ ಎಳೆದುಕೊಂಡು ಅದೇ ನಂಬರ್ ಒತ್ತಿದರು. ಎರಡು ರಿಂಗ್ ಆಯಿತು. ಮೂರನೆಯದಕ್ಕೆ ಆಕೆ ಎತ್ತಿದಳು.