ಮೂಕವಾದ ನಡುವಿನ ಸ್ಪೀಕರ್

ಭಾನುವಾರ ಬೆಳಿಗ್ಗೆ ಆ ಮನೆಯ ಮಹಡಿ ಕೋಣೆಯಲ್ಲಿ ಹಾಡು ಶುರುವಾಯಿತು. ಹಿಂದಿನ ಎರಡು ಸ್ಪೀಕರ್‌ಗಳಲ್ಲಿ ಕೊಳಲು, ಪಿಟೀಲು. ಮುಂದೆ ಎಡಕ್ಕೆ ಮಗಳ ಧ್ವನಿ, ಬಲಕ್ಕೆ ಸೊಸೆಯ ಧ್ವನಿ. ನಡುವಿನ ಸ್ಪೀಕರಿನಿಂದ ಅಮ್ಮ ಹಾಡಬೇಕಿತ್ತು. ಅದು ಉಸಿರೆತ್ತಲಿಲ್ಲ.

ಅಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅವರ ಧ್ವನಿ ಉಳಿದದ್ದು ಈ ಒಂದು ಹಾಡಿನಲ್ಲಿ ಮಾತ್ರ. ಅಳಿಸಿದವರು ಯಾರು?

“ಇವಳೇ!” ಎಂದ ಮಗ, ಹೆಂಡತಿಯ ಕಡೆ ಬೆರಳು ತೋರಿಸಿ.

ಸೋಮವಾರ ಮಧ್ಯಾಹ್ನ ನಾವು ಹೋದೆವು. ನಾವು ಎಂದರೆ ಕಿವಿ ಮೇಡಂ ಮತ್ತು ನಾನು. ಮೇಡಂ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡಿದವರು. ಪರಿಹಾರದ ಆಸೆಗೆ ಕಿವುಡರ ಹಾಗೆ ನಟಿಸುವವರನ್ನು ಹಿಡಿದು ಹಿಡಿದು ಅಭ್ಯಾಸವಾಗಿ, ನಿವೃತ್ತಿಯಾದ ಮೇಲೂ ಇಂಥ ತಲೆನೋವುಗಳನ್ನು ಹಚ್ಚಿಕೊಳ್ಳುತ್ತಾರೆ. ನಾನು ಅವರ ಮನೆಯ ಕೆಳಗೆ ಟಿವಿ ರಿಪೇರಿ ಅಂಗಡಿ ಇಟ್ಟವನು. ವೈರಿನ ಮಾತು ಬಂದರೆ ನನ್ನನ್ನು ಎಳೆದುಕೊಂಡು ಹೋಗುತ್ತಾರೆ.

ಕರೆಸಿದವರು ಆ ಮನೆಯ ಮಗಳು. ಹಲ್ಲಿನ ಡಾಕ್ಟರ್, ಮೇಡಂಗೆ ಆಸ್ಪತ್ರೆಯ ಕಾಲದ ಪರಿಚಯ. ಗೇಟಿನಲ್ಲೇ ಕಾಯುತ್ತಿದ್ದರು.

“ನನ್ನ ತಮ್ಮ ಸುಳ್ಳು ಹೇಳೋನಲ್ಲ ಮೇಡಂ. ಆದರೂ ಅವನ ಹೆಂಡತಿ ಕೈಲಿ ಸಹಿ ಹಾಕ್ಸೋ ಮುಂಚೆ ನೀವೊಂದು ಸಲ ನೋಡಿಬಿಡಿ.”

“ಯಾವುದಕ್ಕೆ ಸಹಿ?”

“ಇವನು ಹೊಡೀತಾನೆ ಅಂತ ಸ್ಟೇಷನ್ನಿಗೆ ದೂರು ಕೊಟ್ಟಿದಾಳೆ. ನಾನು ನಂಬಲಿಲ್ಲ. ‘ಅತ್ತೇನೇ ಹಾಡಿನ ಕೊನೇಲಿ ಹೇಳಿದಾರೆ, ಹಾಕಿ ಕೇಳಿ’ ಅಂದ್ಲು. ಸರಿ, ಹಾಕಪ್ಪಾ ಅಂದೆ. ಹಾಕಿದ್ರೆ ಅಮ್ಮನೇ ಇಲ್ಲ! ಸುಳ್ಳು ಬಯಲಾಗುತ್ತೆ ಅಂತ ಇವಳೇ ಅಳಿಸಿದಾಳೆ ಅಂತಾನೆ ಅವನು. ದೂರು ಸುಳ್ಳು ಅಂತ ಬರೆದುಕೊಡಬೇಕಂತೆ, ಇಲ್ಲಾಂದ್ರೆ ಮನೆ ಬಿಡಬೇಕಂತೆ.”

ಒಳಗೆ ಹೋಗುವಾಗ ಅಡುಗೆಮನೆ ಕಣ್ಣಿಗೆ ಬಿತ್ತು. ಸೋರುವ ನಲ್ಲಿಗೆ ಹರಕು ಬಟ್ಟೆ ಸುತ್ತಿತ್ತು. ಒಲೆಯ ಒಂದು ಬರ್ನರ್ ಕಿತ್ತು ಹೋಗಿತ್ತು. ಮಹಡಿ ಹತ್ತಿದರೆ ಬೇರೆಯೇ ಲೋಕ! ನೆಲಕ್ಕೆ ಮೆತ್ತನೆ ಹಾಸು, ಗೋಡೆಗೆ ಸ್ಪಂಜು, ವೈರುಗಳ ಕೆಳಗೆ ಪುಟ್ಟ ಪುಟ್ಟ ಮರದ ದಿಂಬು. ವೈರಿಗೆ ದಿಂಬು! ಬಾಗಿಲಲ್ಲಿ ನಿಂತಿದ್ದ ಆ ಮಗನಿಗೆ ನಾನು ಮನಸ್ಸಿನಲ್ಲೇ ಸೌಂಡ್ ಸಾಹೇಬ ಎಂದು ಹೆಸರಿಟ್ಟೆ.

“ಚಪ್ಪಲಿ ಹೊರಗೆ,” ಎಂದ ಸೌಂಡ್ ಸಾಹೇಬ. “ಕಂಪ್ಯೂಟರಿಂದ ಆಂಪ್ಲಿಫೈಯರಿಗೆ ಒಂದೇ ಕೇಬಲ್. ಅದರಲ್ಲೇ ಆರು ಟ್ರ್ಯಾಕ್, ಒಂದೊಂದು ಸ್ಪೀಕರಿಗೆ ಒಂದೊಂದು. ತೊಂಬತ್ತಾರು ಕಿಲೋಹರ್ಟ್ಸ್, ಇಪ್ಪತ್ನಾಲ್ಕು ಬಿಟ್. ನಿಮ್ಮ ಅಂಗಡಿ ಟಿವಿ ಥರ ಅಲ್ಲ ಸ್ವಾಮಿ. ಕೊಳಲು ಊದೋನು ಉಸಿರು ತಗೊಳ್ಳೋದೂ ಕೇಳಿಸುತ್ತೆ.”

“ನಿಮ್ಮ ಕಿವಿ ಅಷ್ಟು ಸೂಕ್ಷ್ಮಾನಾ?” ಮೇಡಂ ಕೇಳಿದರು.

“ಸೂಜಿ ಬಿದ್ರೆ ಕೇಳಿಸುತ್ತೆ.”

“ಈ ಹಾಡನ್ನ ಹೇಗೆ ಮುದ್ರಿಸಿದ್ರಿ?”

“ಒಬ್ಬೊಬ್ಬರನ್ನ ಒಂದೊಂದು ದಿನ. ಮೊದಲು ಅಮ್ಮ, ಹಾಸಿಗೆಯಲ್ಲೇ. ನಾನು ಮೈಕ್ ಇಟ್ಟು, ಶುರು ಮಾಡಿ ಹೊರಗೆ ಬಂದೆ. ಪಕ್ಕದಲ್ಲಿ ಇವಳಿದ್ಲು. ಉಳಿದವರು ಆಮೇಲೆ ಹೆಡ್‌ಫೋನಲ್ಲಿ ಅಮ್ಮನ ಹಾಡು ಕೇಳ್ಕೊಂಡು ಹಾಡಿದ್ರು, ನುಡಿಸಿದ್ರು. ಹಾಡು ಮುಗಿದ ತಕ್ಷಣ ನಾನೇ ನಿಲ್ಲಿಸ್ತಿದ್ದೆ.”

“ಅಂದ್ರೆ ಆಗ ಅಮ್ಮನ ಧ್ವನಿ ಇತ್ತು.”

“ಇತ್ತು ಮತ್ತೆ! ಆಮೇಲೆ ಅಳಿಸಿದಾಳೆ. ಕಂಪ್ಯೂಟರಿನ ಪಾಸ್‌ವರ್ಡ್ ನಮ್ಮಿಬ್ಬರಿಗೇ ಗೊತ್ತಿರೋದು.”

“ಹನ್ನೊಂದು ತಿಂಗಳು ಯಾರಿಗೂ ಯಾಕೆ ಕೇಳಿಸಲಿಲ್ಲ?”

“ಹೊಸ ಆಂಪ್ಲಿಫೈಯರ್ ಬರಬೇಕಿತ್ತು. ಕಂಡಕಂಡ ಡಬ್ಬದಲ್ಲಿ ಅಮ್ಮನನ್ನ ಕೇಳಿಸೋಕಾಗುತ್ತಾ?”

“ಹಾಡಿದವರು, ನುಡಿಸಿದವರು ಸೇರಿ ಐದು ಜನ. ಉಳಿದ ಒಂದು ಟ್ರ್ಯಾಕ್ ಯಾವುದು?”

ಅವನು ಮೂಲೆಯಲ್ಲಿದ್ದ ಕರಿಯ ಪೆಟ್ಟಿಗೆ ತೋರಿಸಿದ. ನನ್ನ ಸೊಂಟದೆತ್ತರ ಇತ್ತು. “ಆ ಬಾಸ್ ಪೆಟ್ಟಿಗೇದು. ಡೋಲು, ಗುಡುಗು, ಅಂಥ ದಪ್ಪ ಸದ್ದಿಗೆ ಮಾತ್ರ. ನೆಲ ನಡುಗಿಸುತ್ತೆ! ಈ ಹಾಡಲ್ಲಿ ಅದಕ್ಕೇನೂ ಕೆಲಸ ಇಲ್ಲ. ಆ ಟ್ರ್ಯಾಕ್ ಖಾಲಿ.”

“ಬೇರೆ ಯಾರಾದರೂ ಈ ಕೋಣೆಗೆ ಬಂದಿದ್ರಾ?”

“ಗುರುವಾರ ಕೇಬಲ್ ಬದಲಾಯಿಸೋಕೆ ಅಂಗಡಿಯವನು ಬಂದಿದ್ದ.”

ನಾನು ಬಾಯಿ ಹಾಕಿದೆ. “ಕೇಬಲ್ಲೇ ಕೆಟ್ಟಿದ್ರೆ ಆರೂ ಟ್ರ್ಯಾಕ್ ಹೋಗಬೇಕಿತ್ತು ಮೇಡಂ. ಒಂದೇ ಹೋಗಲ್ಲ.” ಬೇರೊಂದು ಹಾಡು ಹಾಕಿಸಿ ನೋಡಿದೆ. ನಡುವಿನ ಸ್ಪೀಕರ್ ಸೊಗಸಾಗಿ ಹಾಡಿತು. ಅದಕ್ಕೂ ಏನೂ ಆಗಿರಲಿಲ್ಲ.

ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ಮೂವತ್ತರ ಆಸುಪಾಸು. ಮೇಡಂ ಅವಳ ಎಡಕ್ಕೆ ಹೋಗಿ, “ಸ್ವಲ್ಪ ನೀರು ಕೊಡ್ತೀಯಾಮ್ಮ?” ಎಂದರು. ಅವಳು ಅಲುಗಲಿಲ್ಲ.

“ನೋಡಿದ್ರಾ ಕೊಬ್ಬು?” ಎಂದ ಗಂಡ.

ಮೇಡಂ ಬಲಕ್ಕೆ ಬಂದು ಅದೇ ಮಾತನ್ನು ಅಷ್ಟೇ ಮೆಲ್ಲಗೆ ಕೇಳಿದರು. “ಅಯ್ಯೋ, ತಂದೆ ಇರಿ,” ಎಂದು ಓಡಿದಳು. ಪಾಪ, ಹೆದರಿ ಮಂಕಾಗಿದ್ದಾಳೆ ಎಂದುಕೊಂಡೆ.

ನೀರು ತಂದ ಮೇಲೆ ಮೇಡಂ ಕೇಳಿದರು, “ಹಾಡು ಮುಗಿದ ಮೇಲೆ ಅತ್ತೆ ಮಾತಾಡಿದ್ರಾ?”

“ಹೂಂ. ಮೈಕ್ ಇನ್ನೂ ಓಡ್ತಿತ್ತು. ಗೊತ್ತಿದ್ದೇ ಮಾತಾಡಿದ್ರು.”

“ನೀನು ಅಳಿಸಿದ್ಯಾ?”

“ನಾನ್ಯಾಕೆ ಅಳಿಸ್ಲಿ ಮೇಡಂ? ನನ್ನ ಪರವಾಗಿ ಇದ್ದದ್ದು ಅದೊಂದೇ.”

“ನಾಟಕ!” ಎಂದ ಸೌಂಡ್ ಸಾಹೇಬ.

“ಹಾಡು ಹಾಕಿ,” ಎಂದರು ಮೇಡಂ. “ಕೊನೇವರೆಗೂ ಓಡ್ಲಿ.”

ಕೊಳಲು, ಪಿಟೀಲು, ಎರಡು ಧ್ವನಿ. ನಡುವೆ ಏನೂ ಇಲ್ಲ. ಪಕ್ಕದ ಮನೆಯಲ್ಲಿ ಯಾರೋ ಗೊಣಗಿದಂತೆ ಸಣ್ಣ ಸದ್ದು ಕೇಳಿ ನಾನು ಕಿಟಕಿಯ ಕಡೆ ನೋಡಿದೆ. ಕಿಟಕಿ ಮುಚ್ಚಿತ್ತು. ಹಾಡು ಮುಗಿಯಿತು. ಗೊಣಗು ಮಾತ್ರ ನಿಲ್ಲಲಿಲ್ಲ!

ಮೇಡಂ ಮೂಲೆಗೆ ಹೋಗಿ ಕರಿಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಅದರ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು.

“ಮುಟ್ಟಬೇಡಿ!” ಸೌಂಡ್ ಸಾಹೇಬ ಧಡಕ್ಕನೆ ಎದ್ದ.

“ಯಾಕೆ? ಅದಕ್ಕೇನೂ ಕೆಲಸ ಇಲ್ಲ ಅಂದ್ರಲ್ಲ?” ಮೇಡಂ ಹಿಂಬದಿಯ ತಿರುಗಣೆ ನೋಡಿದರು. “ನೆಲ ನಡುಗಿಸೋ ಪೆಟ್ಟಿಗೆ. ಇದರ ಸದ್ದನ್ನ ಸೊನ್ನೆ ಹತ್ತಿರಕ್ಕೆ ತಗ್ಗಿಸಿಟ್ಟಿದೀರಿ. ರಿಪೇರಿಯವರೇ, ಆ ಹಾಡಿನ ಫೈಲ್ ಕೊನೇ ಸಲ ತಿದ್ದಿದ್ದು ಯಾವಾಗ, ನೋಡಿ.”

ನಾನು ನೋಡಿದೆ. “ಹನ್ನೊಂದು ತಿಂಗಳ ಹಿಂದೆ. ಹಾಡು ಸಿದ್ಧವಾದ ದಿನವೇ. ಆಮೇಲೆ ಯಾರೂ ಕೈ ಹಾಕಿಲ್ಲ.”

“ಹಾಗಾದ್ರೆ ಯಾರೂ ಏನೂ ಅಳಿಸಿಲ್ಲ!” ಎಂದರು ಹಲ್ಲಿನ ಡಾಕ್ಟರ್. “ಮತ್ತೆ ಅಮ್ಮ ಎಲ್ಲಿ?”

“ಇಲ್ಲೇ,” ಎಂದರು ಮೇಡಂ, ಪೆಟ್ಟಿಗೆಯ ಮೇಲಿಂದ ಕೈ ತೆಗೆಯದೆ.

“ಯಾವ ಟ್ರ್ಯಾಕ್ ಯಾವ ಸ್ಪೀಕರಿಗೆ ಹೋಗಬೇಕು ಅಂತ ಕಂಪ್ಯೂಟರಿಗೆ ಹೇಳೋಕೆ ಬರುತ್ತಲ್ಲ, ಅದನ್ನ ತೆಗೀರಿ,” ಎಂದು ಮೇಡಂ ನನಗೆ ಹೇಳಿದರು.

ತೆಗೆದೆ. ಈ ಒಂದು ಹಾಡಿಗೆ ಮಾತ್ರ ಬೇರೆ ಪಟ್ಟಿ ಮಾಡಿಟ್ಟಿತ್ತು. ಮೂರನೆಯದು ಅಮ್ಮನ ಟ್ರ್ಯಾಕ್, ಅದನ್ನು ಬಾಸ್ ಪೆಟ್ಟಿಗೆಗೆ ತಿರುಗಿಸಿತ್ತು. ನಾಲ್ಕನೆಯದು ಖಾಲಿ ಟ್ರ್ಯಾಕ್, ಅದನ್ನು ನಡುವಿನ ಸ್ಪೀಕರಿಗೆ ಕೊಟ್ಟಿತ್ತು. ಎಂಥ ಹೊಲಸು ಬುದ್ಧಿ! ಆ ಪೆಟ್ಟಿಗೆಗೆ ಹೋಗುವ ಧ್ವನಿಯಲ್ಲಿ ದಪ್ಪ ಸದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಂಪ್ಲಿಫೈಯರ್ ಸೋಸಿ ಎಸೆಯುತ್ತದೆ. ಮಾತು ಹೋಗಿ ಗುಂಯ್ ಎನ್ನುವ ಗೊಣಗು ಉಳಿಯುತ್ತದೆ. ಹೆತ್ತ ತಾಯಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ.

“ಇವಳೇ ಮಾಡಿರಬೇಕು!” ಎಂದ ಅವನು.

“ಅವಳಿಗೆ ಧ್ವನಿ ಬೇಡವಾಗಿದ್ರೆ ಒಂದು ಗುಂಡಿ ಒತ್ತಿ ಅಳಿಸ್ತಿದ್ಲು,” ಎಂದರು ಮೇಡಂ. “ಯಾರಿಗೂ ಕೇಳಿಸಬಾರದು, ಆದರೆ ಹಾಳೂ ಆಗಬಾರದು. ಹೀಗೆ ಎರಡನ್ನೂ ಬಯಸೋನು ಮಾತ್ರ ಇಷ್ಟು ಕಷ್ಟಪಡ್ತಾನೆ. ಅಂಗಡಿಯವನಿಗೆ ಇದರ ಗೊಡವೆ ಯಾಕೆ? ಇನ್ನೊಂದು. ಆ ಟ್ರ್ಯಾಕ್ ಖಾಲಿ ಅಂತ ನೀವೇ ಹೇಳಿದ್ರಿ. ಖಾಲಿ ಟ್ರ್ಯಾಕಿನ ಸದ್ದನ್ನ ಯಾರಾದರೂ ತಗ್ಗಿಸ್ತಾರಾ? ಸೂಜಿ ಬಿದ್ರೆ ಕೇಳಿಸೋ ಕಿವಿಗೆ ಈ ಗೊಣಗು ಕೇಳಿಸಲಿಲ್ವಾ? ಕಿವುಡರ ನಾಟಕ ಆಡೋರನ್ನ ಮೂವತ್ತು ವರ್ಷ ನೋಡಿದೀನಿ. ಈ ರಿಪೇರಿಯವರು ಕಿಟಕಿ ಕಡೆ ನೋಡಿದ್ರು. ನೀವು ಕಲ್ಲಿನ ಹಾಗೆ ಕೂತಿದ್ರಿ.”

ಮೇಡಂ ಸೊಸೆಯ ಬಲಕ್ಕೆ ನಿಂತು ಕೇಳಿದರು, “ಎಡಗಿವಿ ಯಾವಾಗಿನಿಂದ ಕೇಳಿಸಲ್ಲಮ್ಮ?”

“ಒಂದೂವರೆ ವರ್ಷದಿಂದ.”

“ಎದುರು ನಿಂತು ಬಲಗೈಯಲ್ಲಿ ಅಂಗೈ ಬಿಚ್ಚಿ ಹೊಡೆದ್ರೆ ಏಟು ಎಡಗಿವಿಗೆ ಬೀಳುತ್ತೆ. ಕಿವಿಯೊಳಗಿನ ತಮಟೆ ಹರಿದು ಹೋಗುತ್ತೆ. ನನ್ನ ಹತ್ತಿರ ಎಷ್ಟು ಹೆಂಗಸರು ಬಂದಿದಾರೆ, ಬಾಗಿಲು ತಗುಲಿತು ಅಂತ ಹೇಳ್ಕೊಂಡು. ಪರೀಕ್ಷೆ ಮಾಡಿ ಬರೆದುಕೊಡೋ ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ.”

ಕೊಳಲಿನವನ ಉಸಿರು ಕೇಳಲೆಂದು ಗೋಡೆಗೆ ಸ್ಪಂಜು ಬಡಿದವನು ಹೆಂಡತಿಯ ಕಿವಿ ಒಡೆದಿದ್ದ. ಆ ಕೋಣೆಯ ಗಾಳಿ ಕುಡಿಯಲೂ ನನಗೆ ಹೇಸಿಗೆಯಾಯಿತು.

“ಅಮ್ಮನನ್ನ ಮಾತಾಡಿಸಿ,” ಎಂದರು ಮೇಡಂ.

ಪಟ್ಟಿ ಸರಿ ಮಾಡಿದೆ. ಹಾಡಿನ ಕೊನೆಗೆ ಹೋದೆ. ನಡುವಿನ ಸ್ಪೀಕರಿನಿಂದ ಮುದಿ ಧ್ವನಿ ಎದುರಿಗೇ ಕುಳಿತಷ್ಟು ಸ್ಪಷ್ಟವಾಗಿ ಬಂತು.

“ಇನ್ನೂ ಓಡ್ತಿದೆಯೇನೇ ಇದು? ಓಡ್ಲಿ ಬಿಡು. ಮಗಳೇ, ನಿನಗೇ ಹೇಳ್ತಿರೋದು. ನೀನು ಬಂದಾಗೆಲ್ಲ ಅವನು ಪಕ್ಕ ಬಿಟ್ಟು ಕದಲಲ್ಲ. ನಿನ್ನ ತಮ್ಮ ಈ ಹುಡುಗೀನ ಹೊಡೀತಾನೆ ಕಣೇ. ಹಾಡು ಜೋರಾಗಿ ಹಾಕಿ ಹೊಡೀತಾನೆ. ನನಗೆ ಗೋಡೆ ಆಚೆಯಿಂದ ಕೇಳಿಸುತ್ತೆ. ಹೆತ್ತ ಮಗ ಅಂತ ಸುಮ್ಮನಿದ್ದೆ, ತಪ್ಪು ಮಾಡಿದೆ. ಅವಳು ಹೇಳಿದ್ರೆ ನೀನು ನಂಬಲ್ಲ. ನಾನು ಹೇಳ್ತಿದೀನಿ, ನಂಬು.”

ಹಲ್ಲಿನ ಡಾಕ್ಟರ್ ಕುರ್ಚಿಯ ಹಿಡಿ ಹಿಡಿದುಕೊಂಡರು. “ಯಾಕೋ… ಅಳಿಸದೆ ಯಾಕೆ ಇಟ್ಕೊಂಡಿದ್ದೆ ಇದನ್ನ?”

“ಅಷ್ಟು ಚೆನ್ನಾಗಿ ಬಂದಿತ್ತು ಅಕ್ಕ,” ಎಂದ ಅವನು. ನೆಲ ನೋಡುತ್ತಿದ್ದ. “ಒಂದು ಚೂರು ಗರಗರ ಇಲ್ಲ. ಅಂಥ ರೆಕಾರ್ಡಿಂಗ್ ಮತ್ತೆ ಆಗಲ್ಲ. ಅಳಿಸೋಕೆ ಕೈ ಬರಲಿಲ್ಲ.”

ಆ ಹಾಡು ತುಂಬಿದ್ದ ಪುಟ್ಟ ಡ್ರೈವ್ ಅನ್ನು ನಾನು ಕಂಪ್ಯೂಟರಿನಿಂದ ಕಿತ್ತೆ.

“ಹಾಗೆ ಎಳೀಬೇಡ್ರೀ!” ಎಂದು ಅವನು ಕಿರುಚಿದ. “ಫೈಲ್ ಹಾಳಾಗುತ್ತೆ!”

ಅಷ್ಟು ಹೊತ್ತಿನಲ್ಲಿ ಆ ಮನುಷ್ಯನ ಎದೆಯಿಂದ ಬಂದ ನಿಜವಾದ ಕೂಗು ಅದೊಂದೇ. ಥೂ ಎಂದು ಅಲ್ಲೇ ಉಗಿಯಬೇಕೆನ್ನಿಸಿತು. ಡ್ರೈವನ್ನು ಸೊಸೆಯ ಕೈಗೆ ಕೊಟ್ಟೆ.

ಹಲ್ಲಿನ ಡಾಕ್ಟರ್ ಅಳುತ್ತಾ ಅವಳ ತೋಳು ಹಿಡಿದರು. “ಬಾರೇ, ನಮ್ಮನೆಗೆ ಹೋಗೋಣ. ಒಂದು ನಿಮಿಷ ಕೂಡ ಇಲ್ಲಿರಬೇಡ.”

ಸೊಸೆ ಕೈ ಬಿಡಿಸಿಕೊಂಡಳು. ಜೋರು ಮಾಡಲಿಲ್ಲ.

“ನಿಮ್ಮನೆಗೆ ಬೇಡ ಅತ್ತಿಗೆ. ಮೂರು ಸಲ ನಿಮ್ಮ ಕ್ಲಿನಿಕ್ಕಿಗೆ ಬಂದಿದ್ದೆ. ಅಲ್ಲಾಡ್ತಿದ್ದ ಹಲ್ಲನ್ನ ನೀವೇ ತಂತಿ ಕಟ್ಟಿ ಕೂರಿಸಿದ್ರಿ. ಅದು ಯಾಕೆ ಅಲ್ಲಾಡ್ತಿದೆ ಅಂತ ನಾನು ಹೇಳೋಕೆ ಹೊರಟಾಗ, ಮಾತಾಡಬೇಡ, ಬಾಯಿ ಅಗಲಿಸು ಅಂದ್ರಿ.”

ಸೊಸೆ ಮೇಡಂ ಕಡೆ ತಿರುಗಿ, “ಸ್ಟೇಷನ್ ಇಲ್ಲಿಂದ ನಡೆಯೋ ಅಷ್ಟೇ ದೂರ ಮೇಡಂ,” ಎಂದು ಮೆಟ್ಟಿಲಿಳಿದಳು. ನಾವು ಅವಳ ಹಿಂದೆ ನಡೆದೆವು.